‘ನೆರವಾದರು’ ಎಂಬ ಒಂದು ಮಾತಿನ ಬಗ್ಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಭಾನುವಾರದ ಪುರವಣಿಯಲ್ಲಿ ಆಸ್ಟ್ರೇಲಿಯಾದ ಮೊದಮೊದಲ ಶಾಲೆಗಳನ್ನು ಕುರಿತು ಪ್ರಕಟವಾದ ಲೇಖನವನ್ನು ಮಗಳು ಫೋನಿನಲ್ಲಿ ತೆರೆದುಕೊಟ್ಟಳು. ಕುಳಿತಲ್ಲಿಯೇ ಎರಡು ಸಲ ಓದಿದೆ. ಇಷ್ಟು ದೂರದ ಚರಿತ್ರೆಯನ್ನು ಕನ್ನಡದ ಓದುಗರಿಗೆ ತಲುಪಿಸಬೇಕೆಂದು ಶ್ರಮಪಟ್ಟ ಲೇಖಕರ ಬಗ್ಗೆ ನನಗೆ ಗೌರವವಿದೆ. ಆದರೆ ಪ್ಯಾರಮಟ್ಟದ ವಿಲಿಯಂ ಶೆಲ್ಲಿಯವರ ಶಾಲೆಯ ಬಗ್ಗೆ ಬರೆಯುವಾಗ ಅವರು ಬಳಸಿದ ಎರಡು ಮಾತುಗಳು ನನ್ನನ್ನು ಈ ಪತ್ರಕ್ಕೆ ಕೂರಿಸಿದವು. ಅದು ಮೂಲನಿವಾಸಿ ಅನಾಥ ಮಕ್ಕಳ ಶಾಲೆ ಎಂಬುದು ಒಂದು ಮಾತು. ಶೆಲ್ಲಿಯವರ ಪತ್ನಿ ಆ ಕೆಲಸದಲ್ಲಿ ಗಂಡನಿಗೆ ನೆರವಾದರು ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಲೇಖನಮಾಲೆ ಪುಸ್ತಕವಾಗಿ ಬರಲಿದೆ ಎಂದು ಕೊನೆಯಲ್ಲಿ ತಿಳಿಸಿರುವುದರಿಂದ, ಅಚ್ಚಿಗೆ ಹೋಗುವ ಮುನ್ನ ಇದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿ, ಪತ್ರ ಉದ್ದವಾಗುತ್ತದೆಂದು ಗೊತ್ತಿದ್ದೂ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಈಗ ಮೂರು ವರ್ಷಗಳಿಂದ ಮಗಳ ಮನೆಯಲ್ಲಿ, ಸಿಡ್ನಿಯ ಪಶ್ಚಿಮಕ್ಕಿರುವ ಪ್ಯಾರಮಟ್ಟದಲ್ಲಿದ್ದೇನೆ. ಇಲ್ಲಿ ಕನ್ನಡದ ಮನೆಗಳು ಕಡಿಮೆಯೇನಲ್ಲ. ಸಂಜೆ ನದಿಯ ದಂಡೆಯಲ್ಲಿ ನಡೆಯುವಾಗ ನಮ್ಮ ಮಾತು ಕಿವಿಗೆ ಬೀಳದ ದಿನ ಅಪರೂಪ. ಆ ದಾರಿಯಲ್ಲಿಯೇ ಸೇಂಟ್ ಜಾನ್ಸ್ ಚರ್ಚು ಸಿಗುತ್ತದೆ. ಶೆಲ್ಲಿ ದಂಪತಿಯ ಶಾಲೆ ಇದ್ದುದು ಅದರ ಆಸುಪಾಸಿನಲ್ಲಿಯೇ. ದಿನವೂ ತುಳಿಯುವ ನೆಲದ ಕಥೆ ಎಂಬ ಕಾರಣಕ್ಕೆ ಕಂಡ ಕಂಡ ಕಡೆ ಓದುತ್ತ ಹೋದೆ; ಓದಿದಷ್ಟೂ ಎಲಿಜಬೆತ್ ಶೆಲ್ಲಿ ಎಂಬ ಹೆಂಗಸು ನನ್ನನ್ನು ಬಿಡಲಿಲ್ಲ.

ಮೊದಲು ಬರಿಯ ಲೆಕ್ಕವನ್ನೇ ನೋಡೋಣ. ಶಾಲೆ ಆರಂಭವಾದದ್ದು 1815ರ ಜನವರಿ 18ರಂದು. ವಿಲಿಯಂ ಶೆಲ್ಲಿ ತೀರಿಕೊಂಡದ್ದು ಅದೇ ವರ್ಷದ ಜುಲೈ ತಿಂಗಳಲ್ಲಿ. ಅಂದರೆ ಮೇಷ್ಟ್ರು ಆ ಶಾಲೆಯನ್ನು ನಡೆಸಿದ್ದು ಆರು ತಿಂಗಳು ತುಂಬುವುದರೊಳಗಿನ ಮಾತು. ಆಮೇಲೆ ಶಾಲೆ ಮುಚ್ಚಲಿಲ್ಲ. ಅದು ಪ್ಯಾರಮಟ್ಟದಲ್ಲಿ ಇದ್ದಷ್ಟು ಕಾಲ, 1820ರ ದಶಕದ ಆರಂಭದವರೆಗೆ, ಸುಮಾರು ಏಳೆಂಟು ವರ್ಷ, ಅದನ್ನು ನಡೆಸಿದವರು ಎಲಿಜಬೆತ್. ಆರು ತಿಂಗಳು ನಡೆಸಿದವರನ್ನು ಸಂಸ್ಥಾಪಕರೆಂದೂ ಏಳೆಂಟು ವರ್ಷ ನಡೆಸಿದವರನ್ನು ನೆರವಾದವರೆಂದೂ ಕರೆಯುವುದಾದರೆ ನಾವು ಯಾವ ಅಳತೆಗೋಲು ಹಿಡಿದು ಅಳೆಯುತ್ತಿದ್ದೇವೆ ಎಂದು ಕೇಳಬೇಕಾಗುತ್ತದೆ.

ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ಆಗ ಬ್ರಿಟಿಷರು ಕೈದಿಗಳನ್ನು ಗಡೀಪಾರು ಮಾಡುತ್ತಿದ್ದ ವಸಾಹತು. ಆದರೆ ಎಲಿಜಬೆತ್ ಕೈದಿಯಾಗಿ ಬಂದವರಲ್ಲ. ಬೀನ್ ಎಂಬ ಸ್ವತಂತ್ರ ವಲಸಿಗ ಕುಟುಂಬದ ಮಗಳು. ವಿಲಿಯಂ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದವರು, ಮರಗೆಲಸ ಬಲ್ಲವರು, ಲಂಡನ್ ಮಿಷನರಿ ಸೊಸೈಟಿಯಿಂದ ಪೆಸಿಫಿಕ್ ದ್ವೀಪಗಳಿಗೆ ಬಂದವರು. ಟೋಂಗಾದಲ್ಲಿ 1799ರ ಅಂತರ್ಯುದ್ಧದಲ್ಲಿ ಜೊತೆಗಾರರಾದ ಮೂವರು ಮಿಷನರಿಗಳು ಕೊಲೆಯಾದ ಮೇಲೆ ಜೀವ ಉಳಿಸಿಕೊಂಡು 1800ರಲ್ಲಿ ಸಿಡ್ನಿ ಸೇರಿದರು. ಮರುವರ್ಷ ಮದುವೆ. ಮದುವೆಯಾದ ಹೊಸತರಲ್ಲಿಯೇ ಆ ಹುಡುಗಿ ಗಂಡನೊಂದಿಗೆ ಟಹೀಟಿಗೆ ಹೊರಟಳು, 1806ರವರೆಗೆ ಅಲ್ಲಿದ್ದಳು. ತವರಿನವರು ಸಾವಿರಾರು ಮೈಲಿ ಸಮುದ್ರದಾಚೆ, ಸುತ್ತ ಬೇರೆ ಭಾಷೆ, ದ್ವೀಪದ ಒಡೆಯರ ನಡುವೆ ಮುಗಿಯದ ಜಗಳ. ಅವರು ನ್ಯೂ ಸೌತ್ ವೇಲ್ಸಿಗೆ ಮರಳಿದ ವರ್ಷವೂ ಒಳ್ಳೆಯ ವರ್ಷವಾಗಿರಲಿಲ್ಲ. ಆ ಮಾರ್ಚಿನಲ್ಲಿ ಹಾಕ್ಸ್‌ಬರಿ ನದಿ ಉಕ್ಕಿ ವಸಾಹತಿನ ಗೋಧಿ, ಜೋಳದ ದಾಸ್ತಾನನ್ನು ಕೊಚ್ಚಿಕೊಂಡು ಹೋಗಿತ್ತು. ಬ್ರೆಡ್ಡಿನ ಬೆಲೆ ಕೇಳುವಂತಿರಲಿಲ್ಲ. ಮುಂದಿನ ವರ್ಷಗಳಲ್ಲಿ ವಿಲಿಯಂ ವ್ಯಾಪಾರಕ್ಕಿಳಿದು, ಮುತ್ತು, ಶ್ರೀಗಂಧಗಳಿಗಾಗಿ ಹಡಗಿನಲ್ಲಿ ದ್ವೀಪಗಳಿಗೆ ಹೋಗಿಬರುತ್ತಿದ್ದರು. ಅಂಥ ಒಂದು ಪಯಣವೆಂದರೆ ತಿಂಗಳುಗಟ್ಟಲೆಯ ಮಾತು. ಆ ತಿಂಗಳುಗಳಲ್ಲಿ ಪ್ಯಾರಮಟ್ಟದ ಮನೆ, ಮಕ್ಕಳು, ಸಾಲ, ವಸೂಲಿ ಯಾರ ಪಾಲಿಗಿದ್ದಿರಬೇಕು ಎಂದು ಊಹಿಸಲು ದಾಖಲೆ ಬೇಕಾಗಿಲ್ಲ.

1814ರ ಏಪ್ರಿಲ್‌ನಲ್ಲಿ ವಿಲಿಯಂ ಆ ವಸಾಹತಿನ ಗವರ್ನರ್ ಲಾಕ್ಲನ್ ಮಕ್ವಾರಿಯವರಿಗೆ ಒಂದು ಪತ್ರ ಬರೆದರು. ಮೂಲನಿವಾಸಿಗಳಲ್ಲಿ ಒಬ್ಬಿಬ್ಬರನ್ನು ಬಿಳಿಯರ ನಡುವೆ ತಂದು ಬೆಳೆಸಿದರೆ ಅವರು ಎರಡೂ ಕಡೆಗೆ ಸಲ್ಲದವರಾಗುತ್ತಾರೆ, ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಕಲಿಸಿದರೆ ಅವರವರೊಳಗೇ ಮದುವೆಯಾಗಿ ನೆಲೆ ನಿಲ್ಲುತ್ತಾರೆ ಎಂಬುದು ಅವರ ವಾದ. ಹುಡುಗರಿಗೆ ಓದು ಬರಹದ ಜೊತೆ ಕೈಕಸುಬು ಮತ್ತು ಬೇಸಾಯ, ಹುಡುಗಿಯರಿಗೆ ಓದು ಬರಹದ ಜೊತೆ ಹೊಲಿಗೆ, ಹೆಣಿಗೆ, ನೂಲುವುದು ಎಂದು ಯೋಜನೆಯಿತ್ತು. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಕೋರಿಕೆ. ಈ ಪಟ್ಟಿಯ ಅರ್ಧ ಭಾಗವನ್ನು ಕಲಿಸಬೇಕಾದವರು ಯಾರು? ಮರಗೆಲಸದ, ಹಡಗಿನ ಅನುಭವದ ವಿಲಿಯಂ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುವವರಾಗಿರಲಿಲ್ಲ. ಪತ್ರಕ್ಕೆ ಸಹಿ ಹಾಕಿದವರು ಒಬ್ಬರು, ಆದರೆ ಅದರಲ್ಲಿ ಇಬ್ಬರ ದುಡಿಮೆಯ ಭರವಸೆಯಿತ್ತು. ಅಂದಿನ ಕಾಲಕ್ಕೆ ಅದು ಹೇಳಬೇಕಾದ ಮಾತೇ ಆಗಿರಲಿಲ್ಲ. ಮೇಷ್ಟ್ರನ್ನು ನೇಮಿಸಿಕೊಂಡರೆ ಅವರ ಹೆಂಡತಿಯ ಕೈಗಳೂ ಜೊತೆಗೆ ಬರುತ್ತವೆ ಎಂದೇ ಎಲ್ಲರೂ ತಿಳಿದಿದ್ದರು.

ಮಕ್ವಾರಿಯವರ ಹೆಸರು ಬಂದಾಗ ನಮ್ಮ ಓದುಗರಿಗೆ ತಿಳಿಸಲೇಬೇಕಾದ ಸಂಗತಿಯೊಂದಿದೆ. ಇವರು ಕರ್ನಾಟಕಕ್ಕೆ ಅಪರಿಚಿತರಲ್ಲ. ಗವರ್ನರ್ ಆಗುವುದಕ್ಕೆ ಮುಂಚೆ ಬ್ರಿಟಿಷ್ ಸೇನೆಯ ಅಧಿಕಾರಿಯಾಗಿ ಭಾರತದಲ್ಲಿದ್ದವರು. ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧಗಳಲ್ಲಿ ಭಾಗವಹಿಸಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಮುಂಬಯಿ ಸೈನ್ಯದ ಜೊತೆಗಿದ್ದವರು. 1795ರಲ್ಲಿ ಕೊಚ್ಚಿಯಲ್ಲಿ ಇಬ್ಬರು ಗುಲಾಮ ಹುಡುಗರನ್ನು ಹಣ ಕೊಟ್ಟು ಕೊಂಡರು. ಅವರಲ್ಲಿ ಒಬ್ಬನಿಗೆ ತಮ್ಮ ಮೊದಲ ಪತ್ನಿಯ ತವರಿನ ಹೆಸರು ಸೇರಿಸಿ ಜಾರ್ಜ್ ಜಾರ್ವಿಸ್ ಎಂದು ಕರೆದರು. ಆ ಹುಡುಗ ದೊಡ್ಡವನಾಗಿ ಅವರ ಸೇವಕನಾಗಿಯೇ ಸಿಡ್ನಿಗೂ ಬಂದ. ನಮ್ಮ ಮಕ್ಕಳು ಶ್ರೀರಂಗಪಟ್ಟಣದ ಪಾಠ ಓದುವಾಗ ಈ ಮನುಷ್ಯ ಮುಂದೆ ಏನು ಮಾಡಿದರು ಎಂಬುದನ್ನು ಯಾರೂ ಹೇಳುವುದಿಲ್ಲ. ಇಷ್ಟು ವರ್ಷ ಆ ಪಾಠ ಮಾಡಿದ ನಾನೂ ಹೇಳಿರಲಿಲ್ಲ, ಏಕೆಂದರೆ ನನಗೂ ತಿಳಿದಿರಲಿಲ್ಲ. ಬೇರೆಯವರ ಮಗುವನ್ನು ತಂದು, ಹೆಸರು ಬದಲಿಸಿ, ತನಗೆ ಒಪ್ಪುವಂತೆ ಬೆಳೆಸುವುದು ಆ ಗವರ್ನರರಿಗೆ ಪ್ಯಾರಮಟ್ಟದಲ್ಲಿ ಹೊಸದಾಗಿ ಹೊಳೆದದ್ದಲ್ಲ ಎಂದು ನನಗೆ ತೋರುತ್ತದೆ.

ಇನ್ನು ಅನಾಥ ಮಕ್ಕಳು ಎಂಬ ಮಾತು. 1814ರ ಡಿಸೆಂಬರ್ 10ರ ಆಜ್ಞೆಯಲ್ಲಿ ಮಕ್ವಾರಿ ಈ ಶಾಲೆಯ ನಿಯಮಗಳನ್ನು ಪ್ರಕಟಿಸಿದರು. ಮೊದಲಿಗೆ ಆರು ಹುಡುಗರು, ಆರು ಹುಡುಗಿಯರು; ಸೇರುವ ವಯಸ್ಸು ನಾಲ್ಕರಿಂದ ಏಳು. ಒಮ್ಮೆ ಸೇರಿಸಿದ ಮೇಲೆ ಹುಡುಗನಿಗೆ ಹದಿನಾರು, ಹುಡುಗಿಗೆ ಹದಿನಾಲ್ಕು ತುಂಬುವವರೆಗೆ ತಂದೆತಾಯಿಯರಾಗಲಿ ಬಂಧುಗಳಾಗಲಿ ಕರೆದುಕೊಂಡು ಹೋಗುವಂತಿಲ್ಲ. ಹೆತ್ತವರು ಮಕ್ಕಳನ್ನು ನೋಡಲು ವರ್ಷಕ್ಕೆ ಒಂದು ದಿನ, ಡಿಸೆಂಬರ್ 28. ಹೆತ್ತವರೇ ಇಲ್ಲದ ಮಕ್ಕಳಿಗೆ ಇಂಥ ನಿಯಮ ಏಕೆ ಬೇಕು? ಆ ವರ್ಷದ ಡಿಸೆಂಬರ್ 28ರಂದು ಪ್ಯಾರಮಟ್ಟದ ಸಂತೆ ಮೈದಾನದಲ್ಲಿ ಸುತ್ತಲಿನ ಮೂಲನಿವಾಸಿಗಳನ್ನು ಸೇರಿಸಿ, ಊಟ ಹಾಕಿಸಿ, ಮಕ್ಕಳನ್ನು ಒಪ್ಪಿಸುವಂತೆ ಕೇಳಲಾಯಿತು. ಅಂದು ಕೈಗೆ ಬಂದವರು ಬೆರಳೆಣಿಕೆಯ ಮಕ್ಕಳು. ಅವರಲ್ಲಿ ಒಬ್ಬಳು ಧರುಗ್ ಜನರ ಬೂರೂಬೆರಾಂಗಲ್ ಕುಲದ ಮುಖಂಡ ಯರ‍್ರಮುಂಡಿಯ ಮಗಳು. ಅವಳಿಗೆ ಮರಿಯಾ ಎಂದು ಹೆಸರಾಯಿತು. ಬಿಳಿಯರು ಬಂದ ಮೊದಲ ದಿನಗಳಲ್ಲಿ ಹೆಸರಾಗಿದ್ದ ಮೂಲನಿವಾಸಿ ಬೆನೆಲಾಂಗನ ಮಗ ಡಿಕಿಯೂ ಈ ಶಾಲೆಯ ವಿದ್ಯಾರ್ಥಿಯಾದ. ಬೆನೆಲಾಂಗ್ ತೀರಿಕೊಂಡದ್ದು 1813ರಲ್ಲಿ, ಆದ್ದರಿಂದ ಆ ಹುಡುಗನಿಗೆ ತಂದೆಯಿರಲಿಲ್ಲ ನಿಜ. ಆದರೆ ಅವನಿಗೆ ಕುಲವಿತ್ತು, ಬಳಗವಿತ್ತು. ಅನಾಥ ಎಂಬ ಪದ ಇವರೆಲ್ಲರನ್ನೂ ಒಂದೇ ಏಟಿಗೆ ಅಳಿಸಿಬಿಡುತ್ತದೆ.

ಈಗ ಆ ಮನೆಯೊಳಗಿನ ಬದುಕಿಗೆ ಬರುತ್ತೇನೆ. ವಸತಿ ಶಾಲೆ ಎಂದರೆ ನಮ್ಮ ಕಣ್ಣೆದುರು ಅಡುಗೆಯವರು, ವಾರ್ಡನ್, ದೋಭಿ ಎಲ್ಲರೂ ನಿಲ್ಲುತ್ತಾರೆ. ಆ ಕಾಲದ ವಸಾಹತಿನಲ್ಲಿ ಶಾಲೆಯೆಂದರೆ ಮೇಷ್ಟ್ರ ಮನೆ. ಗಡೀಪಾರಾಗಿ ಬಂದ ಕೈದಿಗಳನ್ನು ಸ್ವತಂತ್ರರ ಮನೆಗಳಿಗೆ ಆಳಾಗಿ ಕೊಡುವ ಪದ್ಧತಿಯಿದ್ದರೂ ಮನೆಯೊಡತಿಯ ಮೈಮುರಿಯುವ ಕೆಲಸ ಅದರಿಂದ ತಪ್ಪುತ್ತಿರಲಿಲ್ಲ. ಬೆಳಕು ಹರಿಯುವ ಮೊದಲು ಒಲೆ ಹೊತ್ತಬೇಕು, ನೀರು ಸೇದಿ ತರಬೇಕು, ಹಿಟ್ಟು ನಾದಬೇಕು. ಗೋಧಿ ಇಲ್ಲದ ಕಾಲಕ್ಕೆ ಮೆಕ್ಕೆಜೋಳದ ಗಂಜಿಯೇ ಗತಿ. ದನದ ಕೊಬ್ಬನ್ನು ಕಾಯಿಸಿ ದೀಪದ ಬತ್ತಿಯೂ ಸೋಪೂ ಮನೆಯಲ್ಲಿಯೇ ಆಗಬೇಕಿತ್ತು. ಬಟ್ಟೆ ಸಿಡ್ನಿಗೆ ಹಡಗಿನಲ್ಲಿ ಬರುತ್ತಿತ್ತು. ಅದರಲ್ಲಿ ಎಷ್ಟೋ ಪಾಲು ನಮ್ಮ ಬಂಗಾಳದ ಹತ್ತಿ ಬಟ್ಟೆ, ಕಲ್ಕತ್ತದ ವರ್ತಕರು ಅಕ್ಕಿ, ಸಕ್ಕರೆಗಳೊಂದಿಗೆ ಕಳಿಸುತ್ತಿದ್ದದ್ದು. ಆ ಬಟ್ಟೆಯನ್ನು ಕತ್ತರಿಸಿ ಅಂಗಿಯಾಗಿಸುವುದು ಸೂಜಿ ದಾರದಿಂದಲೇ, ಏಕೆಂದರೆ ಹೊಲಿಗೆ ಯಂತ್ರ ಬರಲು ಇನ್ನೂ ನಾಲ್ಕೈದು ದಶಕ ಕಾಯಬೇಕಿತ್ತು. ತನ್ನ ಮಕ್ಕಳು ಒಂದು ಕಡೆ, ಶಾಲೆಯ ಮಕ್ಕಳು ಇನ್ನೊಂದು ಕಡೆ. ಯಾರಿಗೋ ಜ್ವರ, ಯಾರಿಗೋ ಕೆಮ್ಮು. ರಾತ್ರಿ ಎದ್ದು ಅಳುವ ನಾಲ್ಕು ವರ್ಷದ ಮಗು, ತನ್ನ ಭಾಷೆಯಲ್ಲಿ ಅಮ್ಮನನ್ನು ಕರೆಯುತ್ತಿದೆ, ಆ ಭಾಷೆ ಸಂತೈಸುವವಳಿಗೆ ಬಾರದು. ಈ ಕೊನೆಯ ಚಿತ್ರ ನನ್ನ ಊಹೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ನಾಲ್ಕು ವರ್ಷದ ಮಗುವನ್ನು ಮನೆಯಿಂದ ತಂದು ಮಲಗಿಸಿದ ಯಾವ ಮನೆಯಲ್ಲಿ ಹೀಗಾಗದೆ ಇದ್ದೀತು?

ಇದೆಲ್ಲದರ ನಡುವೆ ಪಾಠ. ಬೈಬಲ್ಲು, ಕಾಗುಣಿತದ ಪುಸ್ತಕ, ಬರಹ, ಹುಡುಗಿಯರಿಗೆ ಹೊಲಿಗೆ.

ಗಂಡ ಸತ್ತಾಗ ಎಲಿಜಬೆತ್ ಎಳೆಯ ಮಕ್ಕಳ ತಾಯಿ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ವ್ಯಕ್ತಿತ್ವವೇ ಇರಲಿಲ್ಲ. ಅವಳ ಸಂಪಾದನೆ ಅವನದು, ಅವಳ ಆಸ್ತಿ ಅವನದು. ನ್ಯೂ ಸೌತ್ ವೇಲ್ಸಿನಲ್ಲಿ ಇದನ್ನು ಬದಲಿಸಲು ಕೈಹಾಕಿದ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಬಂದದ್ದು 1879ರಲ್ಲಿ. ಆದ್ದರಿಂದ ಶಾಲೆ ತೆರೆದ ಮೊದಲ ಆರು ತಿಂಗಳು ಎಲಿಜಬೆತ್ ಎಷ್ಟೇ ದುಡಿದಿದ್ದರೂ ಲೆಕ್ಕದ ಪುಸ್ತಕಕ್ಕೆ ಅದು ಕಾಣುವಂತಿರಲಿಲ್ಲ. ಅವರು ಸರ್ಕಾರದ ಕಾಗದಪತ್ರಗಳಲ್ಲಿ ಶಾಲೆಯ ಹೊಣೆ ಹೊತ್ತವರಾಗಿ ಸ್ವಂತ ಹೆಸರಿನಿಂದ ಕಾಣಿಸಿಕೊಳ್ಳುವುದು ವಿಧವೆಯಾದ ನಂತರ. ಅದಕ್ಕೆ ಮೊದಲೂ ಅದೇ ಕೈಗಳು ಅದೇ ಕೆಲಸ ಮಾಡುತ್ತಿದ್ದವು. ಜುಲೈ ತಿಂಗಳಲ್ಲಿ ಬದಲಾದದ್ದು ಬರೆದುಕೊಳ್ಳುವವರ ಕಣ್ಣು ಮಾತ್ರ. ನಮ್ಮ ಲೇಖಕರು ಬಳಸಿದ ‘ನೆರವಾದರು’ ಎಂಬ ಮಾತು ಆ ಹಳೆಯ ಲೆಕ್ಕದ ಪುಸ್ತಕದಿಂದಲೇ ಇಳಿದುಬಂದಿದೆ ಎಂದು ನನ್ನ ನಂಬಿಕೆ. ಅವರು ಬೇಕೆಂದು ಹಾಗೆ ಬರೆದಿರಲಾರರು.

ಇಷ್ಟು ಹೇಳಿದ ಮೇಲೆ ಎಲಿಜಬೆತ್‌ರನ್ನು ದೇವತೆಯಾಗಿ ಕೂರಿಸುವುದಕ್ಕೆ ನಾನು ಸಿದ್ಧಳಿಲ್ಲ. 1816ರ ಏಪ್ರಿಲ್‌ನಲ್ಲಿ ಮಕ್ವಾರಿ ಮೂಲನಿವಾಸಿಗಳ ಮೇಲೆ ಸೈನಿಕರ ತುಕಡಿಗಳನ್ನು ಕಳುಹಿಸಿದರು. ಏಪ್ರಿಲ್ 17ರಂದು, ಇನ್ನೂ ಬೆಳಕು ಹರಿಯುವ ಮುನ್ನ, ಆಪಿನ್ ಎಂಬಲ್ಲಿ ಕ್ಯಾಪ್ಟನ್ ಜೇಮ್ಸ್ ವಾಲಿಸ್‌ನ ತುಕಡಿ ಒಂದು ಬಿಡಾರದ ಮೇಲೆ ಬಿದ್ದು, ಗುಂಡಿಗೆ ಸಿಕ್ಕವರು, ಕಣಿವೆಯ ಅಂಚಿನಿಂದ ಕೆಳಗೆ ಬಿದ್ದವರು ಸೇರಿ ಕನಿಷ್ಠ 14 ಜನ, ಹೆಂಗಸರು ಮಕ್ಕಳೂ ಒಳಗೊಂಡಂತೆ, ಸತ್ತರು. ಆ ದಂಡಯಾತ್ರೆಗೆ ಕೊಟ್ಟ ಸೂಚನೆಗಳಲ್ಲಿ, ಸೆರೆ ಸಿಕ್ಕವರಲ್ಲಿ ಆರೋಗ್ಯವಂತ ಮಕ್ಕಳನ್ನು ಆರಿಸಿ ಪ್ಯಾರಮಟ್ಟದ ಶಾಲೆಗೆ ತರಬೇಕೆಂಬ ಮಾತೂ ಇತ್ತು. ಅಂದರೆ ಎಲಿಜಬೆತ್ ಒಬ್ಬರೇ ಶಾಲೆಯನ್ನು ಹೊತ್ತ ಮೊದಲ ವರ್ಷದಲ್ಲಿಯೇ ಆ ಬಾಗಿಲು ಬಂದೂಕಿನ ಹಿಂದಿನಿಂದ ಬರುವ ಮಕ್ಕಳಿಗೂ ತೆರೆದಿತ್ತು. ಅವರಿಗೆ ಏನನಿಸಿತೋ ಹೇಳಲಾರೆ. ಆದರೆ ಅವರು ಆ ಕೆಲಸ ಬಿಡಲಿಲ್ಲ. ಗಂಡನಿಲ್ಲದ, ಮಕ್ಕಳಿರುವ ಹೆಂಗಸಿಗೆ ಅದು ಸೂರೂ ಆಗಿತ್ತು, ಅನ್ನವೂ ಆಗಿತ್ತು. ಜೊತೆಗೆ ತಾನು ಮಾಡುತ್ತಿರುವುದು ಪುಣ್ಯದ ಕೆಲಸವೆಂಬ ನಂಬಿಕೆಯೂ ಇದ್ದಿರಬೇಕು. ಒಬ್ಬ ಹೆಂಗಸಿನ ದುಡಿಮೆಯನ್ನು ಕಾಣದೆ ಹೋದದ್ದು ಒಂದು ಅನ್ಯಾಯ; ಆ ದುಡಿಮೆ ಬೇರೆ ಹೆಂಗಸರ ಮಡಿಲಿನಿಂದ ಮಕ್ಕಳನ್ನು ಕಿತ್ತ ವ್ಯವಸ್ಥೆಗೆ ಸಂದದ್ದು ಇನ್ನೊಂದು ಅನ್ಯಾಯ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ. ಲೇಖನದಲ್ಲಿ ಎರಡೂ ಒಟ್ಟಿಗೆ ಮುಚ್ಚಿಹೋಗಿವೆ ಎಂಬುದೇ ನನ್ನ ಸಂಕಟ.

ಶಾಲೆ ಏನು ಕಲಿಸಿತು ಎಂಬುದಕ್ಕೆ ಒಂದು ಸಾಕ್ಷಿಯಿದೆ. 1819ರ ವಾರ್ಷಿಕ ಪರೀಕ್ಷೆಯಲ್ಲಿ ಈ ಶಾಲೆಯ ಸುಮಾರು 20 ಮಕ್ಕಳು, ವಸಾಹತಿನ ನೂರರ ಹತ್ತಿರದ ಬಿಳಿಯ ಮಕ್ಕಳ ಜೊತೆ ಕುಳಿತರು. ಮೊದಲ ಬಹುಮಾನ ಹದಿನಾಲ್ಕು ವರ್ಷದ ಒಬ್ಬ ಕಪ್ಪು ಹುಡುಗಿಯ ಪಾಲಾಯಿತೆಂದು ಸಿಡ್ನಿ ಗೆಜೆಟ್ ಪತ್ರಿಕೆ ವರದಿ ಮಾಡಿತು. ಅವಳು ಯರ‍್ರಮುಂಡಿಯ ಮಗಳು ಮರಿಯಾಳೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಆ ವೇಳೆಗೆ ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಗುತ್ತ ಬಂದಿತ್ತು. ಆ ಹುಡುಗಿಗೆ ಪರೀಕ್ಷೆ ಬರೆಯುವಷ್ಟು ವಿದ್ಯೆ ಆ ಮನೆಯಲ್ಲಿ ದಕ್ಕಿದ್ದು ಎಲಿಜಬೆತ್‌ರ ಆಡಳಿತದಲ್ಲಿ. ಮರಿಯಾಳ ಬುದ್ಧಿ ಅವಳದೇ, ಅದರ ಶ್ರೇಯಸ್ಸನ್ನು ಬೇರೆ ಯಾರಿಗೂ ಕೊಡುವಂತಿಲ್ಲ.

ಮರಿಯಾಳ ಮುಂದಿನ ಬದುಕು ಇನ್ನೂ ದೊಡ್ಡ ಕಥೆ. 1824ರಲ್ಲಿ ಪ್ಯಾರಮಟ್ಟದ ಇದೇ ಸೇಂಟ್ ಜಾನ್ಸ್ ಚರ್ಚಿನಲ್ಲಿ ರಾಬರ್ಟ್ ಲಾಕ್ ಎಂಬ ಕೈದಿ ಬಡಗಿಯನ್ನು ಮದುವೆಯಾದಳು. 1831ರಲ್ಲಿ, ತೀರಿಕೊಂಡ ತನ್ನ ಅಣ್ಣ ಕೋಲ್‌ಬಿಯ ಜಮೀನು ತನಗೆ ಸೇರಬೇಕೆಂದು ಆಗಿನ ಗವರ್ನರ್ ಡಾರ್ಲಿಂಗ್‌ಗೆ ಅರ್ಜಿ ಸಲ್ಲಿಸಿದಳು. ಬ್ರಿಟಿಷರು ಕಲಿಸಿದ ಅಕ್ಷರದಿಂದಲೇ ಬ್ರಿಟಿಷರನ್ನು ಜಮೀನು ಕೇಳಿದ ಹೆಣ್ಣು ಅವಳು. ಮಂಜೂರಾದ 40 ಎಕರೆಯನ್ನು ಅವಳ ಪರವಾಗಿ ಗಂಡನ ಹೆಸರಿಗೆ ಬರೆಯಲಾಯಿತು ಎಂಬುದನ್ನು ಓದಿದಾಗ, ಕಲಿಸಿದವಳನ್ನು ಆವರಿಸಿದ್ದ ಕಾನೂನೇ ಕಲಿತವಳನ್ನೂ ಆವರಿಸಿತಲ್ಲ ಎಂದು ಮನಸ್ಸಿಗೆ ನೋವಾಯಿತು. ಅಣ್ಣನ 30 ಎಕರೆ ಅವಳ ಕೈಸೇರಲು 1843ರವರೆಗೆ ಕಾಯಬೇಕಾಯಿತು.

ಎಲಿಜಬೆತ್ ಒಬ್ಬರ ಕಥೆ ಮಾತ್ರ ಹೀಗೆ ಎಂದುಕೊಳ್ಳಬಾರದು. 1788ರಲ್ಲಿ ಮೊದಲ ಹಡಗುಗಳ ಜೊತೆ ಬಂದ ಪಾದ್ರಿ ರಿಚರ್ಡ್ ಜಾನ್ಸನ್ ಶಾಲೆಗಳ ಮೇಲ್ವಿಚಾರಣೆ ಮಾಡಿದರೆಂದು ತಮ್ಮ ಲೇಖನದಲ್ಲಿದೆ. 1789ರ ಸಿಡುಬಿನಲ್ಲಿ ಬದುಕುಳಿದ ಬೂರಾಂಗ್ ಎಂಬ ಮೂಲನಿವಾಸಿ ಹುಡುಗಿಯನ್ನು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಂಡವರಲ್ಲಿ ಅವರ ಪತ್ನಿ ಮೇರಿಯೂ ಒಬ್ಬರು. ತಮಗೆ 1790ರಲ್ಲಿ ಹುಟ್ಟಿದ ಮಗಳಿಗೆ ಆ ದಂಪತಿ ಮಿಲ್ಬಾ ಎಂದು ಮೂಲನಿವಾಸಿಗಳ ಹೆಸರನ್ನೇ ಇಟ್ಟರು. ವಸಾಹತಿನಲ್ಲಿ ಮಕ್ಕಳಿಗೆ ಮೊದಲು ಅಕ್ಷರ ಹೇಳಿಕೊಟ್ಟವರೆಂದು ಗುರುತಾಗಿರುವ ಇಸಬೆಲಾ ರಾಸನ್ ಸ್ವತಃ ಶಿಕ್ಷೆಗೊಳಗಾದ ಕೈದಿ. 1789ರಲ್ಲಿ ಅವರು ವಿಲಿಯಂ ರಿಚರ್ಡ್‌ಸನ್‌ರನ್ನು ಮದುವೆಯಾದರು. ಮುಂದೆ ರಿಚರ್ಡ್‌ಸನ್‌ರೂ ಮೇಷ್ಟ್ರಾದರು. ಅಂದರೆ ಇಲ್ಲಿ ಮೊದಲು ಶಿಕ್ಷಕಿಯಾದದ್ದು ಹೆಂಡತಿ, ಆಮೇಲೆ ಗಂಡ. 1809ರಲ್ಲಿ ಸಿಡ್ನಿಯ ಹೆಣ್ಣುಮಕ್ಕಳ ಅನಾಥಾಲಯ ಶಾಲೆಗೆ ಇಂಗ್ಲೆಂಡಿನಿಂದ ಜಾನ್ ಹಾಸ್ಕಿಂಗ್ ಬಂದಾಗ ಅವರ ಪತ್ನಿಯೂ ಮಕ್ಕಳೂ ಜೊತೆಗೆ ಬಂದು ಅದೇ ಆವರಣದ ಬದುಕಿಗೆ ಇಳಿದರು.

ಮುಂದೆ ಇದು ಪದ್ಧತಿಯೇ ಆಯಿತು. 1848ರಲ್ಲಿ ನ್ಯೂ ಸೌತ್ ವೇಲ್ಸಿನಲ್ಲಿ ರಾಷ್ಟ್ರೀಯ ಶಿಕ್ಷಣ ಮಂಡಳಿ ಸ್ಥಾಪನೆಯಾದ ಮೇಲೆ ಕಾಡಿನಂಚಿನ ಸಣ್ಣ ಊರುಗಳಿಗೂ ಶಾಲೆ ಬಂತು: ಸೀಳಿದ ಮರದ ಗೋಡೆ, ತೊಗಟೆಯ ಹೊದಿಕೆ, ಮಣ್ಣಿನ ನೆಲ, ಪಕ್ಕದಲ್ಲಿಯೋ ಹಿಂದೆಯೋ ಮೇಷ್ಟ್ರ ಮನೆ. ಮದುವೆಯಾದ ಮೇಷ್ಟ್ರೇ ಬೇಕೆಂಬ ಒಲವು ಅಲ್ಲಿ ಸಾಮಾನ್ಯವಾಗಿತ್ತು, ಏಕೆಂದರೆ ಹೆಂಡತಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ಅದಕ್ಕೆ ಕೆಲವೊಮ್ಮೆ ಅಲ್ಪ ಸಂಬಳ, ಎಷ್ಟೋ ಸಲ ಏನೂ ಇಲ್ಲ. ಹೀಗೆ ಹೆಂಡತಿಯರ ದುಡಿಮೆಯ ಮೇಲೆ ದಶಕಗಟ್ಟಲೆ ನಿಂತ ಶಾಲಾ ವ್ಯವಸ್ಥೆ, ಹೆಣ್ಣು ತನ್ನ ಹೆಸರಿನಲ್ಲಿಯೇ ಕೆಲಸ ಕೇಳಿದಾಗ ಏನು ಮಾಡಿತು ಗೊತ್ತೇ? ವಿಕ್ಟೋರಿಯಾದಲ್ಲಿ 1889ರ ಕಾನೂನು ವಿವಾಹಿತ ಸ್ತ್ರೀಯರನ್ನು ಶಿಕ್ಷಕಿಯರಾಗಿ ನೇಮಿಸುವುದನ್ನು ನಿಲ್ಲಿಸಿತು. ಆ ತಡೆ ಪೂರ್ತಿ ತೆರವಾದದ್ದು 1956ರಲ್ಲಿ. ನ್ಯೂ ಸೌತ್ ವೇಲ್ಸಿನಲ್ಲಿ ಆರ್ಥಿಕ ಮುಗ್ಗಟ್ಟಿನ ನೆಪದಲ್ಲಿ 1932ರಲ್ಲಿ ತಂದ ಕಾಯಿದೆ ಮದುವೆಯಾದ ಶಿಕ್ಷಕಿಯರನ್ನು ಕೆಲಸದಿಂದ ಬಿಡಿಸಿತು; ಅದು ರದ್ದಾದದ್ದು 1947ರಲ್ಲಿ. ಹೆಂಡತಿ ಸಂಬಳವಿಲ್ಲದೆ ದುಡಿದರೆ ಸಹಜ, ಸಂಬಳ ಕೇಳಿದರೆ ಅಕ್ರಮ!

ಈ ವಿಷಯದಲ್ಲಿ ನನ್ನ ದನಿ ಏರಿದ್ದರೆ ಅದಕ್ಕೆ ಕಾರಣವಿದೆ. ನನ್ನ ತಂದೆ ಮಲೆನಾಡಿನ ಒಂದು ಏಕೋಪಾಧ್ಯಾಯ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಅಮ್ಮನನ್ನು ಊರವರೆಲ್ಲ ಮೇಷ್ಟ್ರ ಮನೆಯವರು ಎನ್ನುತ್ತಿದ್ದರೇ ಹೊರತು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಮಳೆಗಾಲದಲ್ಲಿ ನೆನೆದು ಬಂದ ಮಕ್ಕಳ ತಲೆ ಒರೆಸಿ ಒಲೆಯ ಮುಂದೆ ಕೂರಿಸಿದವಳು ಅವಳು. ಇನ್‌ಸ್ಪೆಕ್ಟರ್ ಬಂದ ದಿನ ಉಪ್ಪಿಟ್ಟು ಕಾಫಿ ಅವಳದು. ಅಪ್ಪನಿಗೆ ಚಳಿಜ್ವರ ಬಂದ ಒಂದು ತಿಂಗಳು ಮಗ್ಗಿ, ಕಾಗುಣಿತ ಒಪ್ಪಿಸಿಕೊಂಡವಳೂ ಅವಳೇ. ಆ ಶಾಲೆಗೆ ಐವತ್ತು ತುಂಬಿದಾಗ ಗೋಡೆಗೆ ಹಾಕಿದ ಫಲಕದಲ್ಲಿ ಅಪ್ಪನ ಹೆಸರಿದೆ. ಭಾಷಣ ಮಾಡಿದವರೊಬ್ಬರು ಅಮ್ಮನ ಬಗ್ಗೆಯೂ ಒಂದು ಮಾತು ಹೇಳಿದರು: ಅವರೂ ನೆರವಾದರು. ಅಮ್ಮ ಆಗ ನನ್ನ ಪಕ್ಕದಲ್ಲಿ ಕುಳಿತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಪುಸ್ತಕ ಬರುವಾಗ ಶೆಲ್ಲಿಯವರ ಶಾಲೆಯ ಭಾಗವನ್ನು ತಿದ್ದಿಸಬೇಕು. ಹಾಗೆಯೇ ಆ ಶಾಲೆ 1823ರಲ್ಲಿ ಪ್ಯಾರಮಟ್ಟದಿಂದ ಈಗ ಬ್ಲ್ಯಾಕ್‌ಟೌನ್ ಎಂದು ಕರೆಯುವ ಕಡೆಗೆ ಸ್ಥಳಾಂತರಗೊಂಡು ಆ ದಶಕದ ಕೊನೆಯ ಹೊತ್ತಿಗೆ ಮುಚ್ಚಿತೆಂಬುದನ್ನೂ, ಬ್ಲ್ಯಾಕ್‌ಟೌನಿನ ಆ ನಿವೇಶನವನ್ನು 2018ರಲ್ಲಿ ಧರುಗ್ ಜನರಿಗೆ ಮರಳಿ ಒಪ್ಪಿಸಲಾಯಿತೆಂಬುದನ್ನೂ ಸೇರಿಸಿದರೆ, ಕಥೆ ಮೇಷ್ಟ್ರ ಸಾವಿನೊಂದಿಗೆ ಮುಗಿಯಲಿಲ್ಲವೆಂದು ಓದುಗರಿಗೆ ತಿಳಿಯುತ್ತದೆ. ಲೇಖಕರಿಗೆ ಅನುಕೂಲವಾಗಲೆಂದು, ಅವರ ಆ ಒಂದು ವಾಕ್ಯದ ಜಾಗದಲ್ಲಿ ಇಡಬಹುದಾದ ಸಾಲುಗಳನ್ನು ಕೆಳಗೆ ಬರೆದಿದ್ದೇನೆ. ಅವರು ತಮ್ಮ ಶೈಲಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

‘1815ರ ಜನವರಿಯಲ್ಲಿ ಪ್ಯಾರಮಟ್ಟದಲ್ಲಿ ವಿಲಿಯಂ ಮತ್ತು ಎಲಿಜಬೆತ್ ಶೆಲ್ಲಿ ದಂಪತಿ, ಗವರ್ನರ್ ಮಕ್ವಾರಿಯವರ ಆಜ್ಞೆಯಂತೆ, ಹೆತ್ತವರಿಂದ ಬೇರ್ಪಡಿಸಿ ತಂದ ಮೂಲನಿವಾಸಿ ಮಕ್ಕಳ ವಸತಿ ಶಾಲೆಯನ್ನು ಆರಂಭಿಸಿದರು. ಅದೇ ಜುಲೈನಲ್ಲಿ ವಿಲಿಯಂ ತೀರಿಕೊಂಡರು. ಮುಂದಿನ ಏಳೆಂಟು ವರ್ಷ ಶಾಲೆಯನ್ನು ಎಲಿಜಬೆತ್ ನಡೆಸಿದರು.’

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ಹಾಸನ (ಸದ್ಯ ಪ್ಯಾರಮಟ್ಟ, ಆಸ್ಟ್ರೇಲಿಯಾ)